ಹೊಲ ಹರಗಿದ್ರೆ ಪಹಣಿ ಹೋಗಲ್ಲ



ಭತ್ತದ ಕೊಯ್ಲು ಮುಗೀತು, ಹುಲ್ಲು ಬಣವಿ ಒಟ್ಟಿದ್ದಾಯ್ತು. ಈಗ ನಾಲ್ಕು ದಿನ ಬಿಡುವು. ಪ್ರತಿ ಸಲ ನಾನು ಚಾನಲ್ ನೀರು, ಗೊಬ್ಬರ, ಮೆಕ್ಕೆಜೋಳದ ಹುಳ ಅಂತ ಬರೀತಿದ್ದೆ. ಈ ಸಲ ಲ್ಯಾಪ್‌ಟಾಪ್ ವಿಷಯ ಬರೀತೀನಿ. "ನಮಗ್ಯಾಕಪ್ಪ ಇದು" ಅನ್ನಬ್ಯಾಡ್ರಿ. ನಮ್ಮ ಆನೆಕೊಂಡದಾಗೆ ಈಗ ಓದೋ ಮಕ್ಕಳಿರೋ ಮನೇಲೆಲ್ಲ ಒಂದೊಂದು ಲ್ಯಾಪ್‌ಟಾಪ್ ಐತಿ. ಅದಕ್ಕೆ ದುಡ್ಡು ಹಾಕಿದವರು ನಾವೇ, ಅದು ಕೆಟ್ಟಾಗ ಮೋಸ ಹೋಗೋರೂ ನಾವೇ.

ನಡೆದದ್ದು ಹೇಳ್ತೀನಿ. ಮಗಳು ಡಿಗ್ರಿ ಸೇರಿದಾಗ 38,500 ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ತಂದಿದ್ದೆ. ಒಂದು ಬೆಳೆಯ ಉಳಿತಾಯ ಅದು. ಮೂರು ವರ್ಷಕ್ಕೆ ನಿಧಾನ ಆಯ್ತು. ಆನ್ ಮಾಡಿ ಎಮ್ಮೆ ಹಾಲು ಕರಕೊಂಡು ಬಂದರೂ ಇನ್ನೂ ಸುತ್ತುತಾನೇ ಇರೋದು. ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿ ಹೆಸರು ಬೇಡ, ನನ್ನ ಜಗಳ ಒಬ್ಬನ ಮೇಲಲ್ಲ. ಹಾರ್ಡ್ ಡಿಸ್ಕ್ ಹೋಗಿದೆ, ಎಸ್‌ಎಸ್‌ಡಿ ಹಾಕಬೇಕು, 2,800 ಅಂದ. ಸರಿ ಅಂದೆ. ಸಂಜೆ ಹೋದರೆ ಬಿಲ್ಲು 4,600. "ಯಾಕಪ್ಪ?" ಅಂದರೆ, "ಯಜಮಾನ್ರೇ, ಹಳೇ ಡಿಸ್ಕ್ ಜೊತಿಗೆ ವಿಂಡೋಸ್ ಲೈಸೆನ್ಸೂ ಹೋಯ್ತು. ಹೊಸಾದು ಹಾಕೀನಿ, ಅದಕ್ಕೆ 1,800" ಅಂದ. ಮುಕ್ಕಾಲು ಕ್ವಿಂಟಾಲ್ ಭತ್ತದ ದುಡ್ಡು. ನಾನು ಎಸ್ಸೆಸ್ಸೆಲ್ಸಿ ಓದಿದವನು, ಲೈಸೆನ್ಸ್ ಅಂದರೆ ಟ್ರ್ಯಾಕ್ಟರ್ ಲೈಸೆನ್ಸ್ ಗೊತ್ತು. ಸುಮ್ಮನೆ ಎಣಿಸಿ ಕೊಟ್ಟು ಬಂದೆ.

ಹದಿನೈದು ದಿನ ಆದ ಮೇಲೆ ಮಗಳು ಕರೆದಳು. "ಅಪ್ಪಾಜಿ, ಇಲ್ಲಿ ನೋಡು. ನಮ್ಮ ಸಂಸ್ಥೆಯ ಸರ್ವೀಸಿಂದ ವಿಂಡೋಸ್ ಆಕ್ಟಿವೇಟ್ ಆಗೇತಿ ಅಂತ ತೋರಿಸ್ತೈತಿ. ಯಾವ ಸಂಸ್ಥೆ ನಮ್ಮದು?" ನಮ್ಮ ಮನೇಲಿ ಇರೋದು ಎರಡು ಎಮ್ಮೆ, ಮೂರು ಎಕರೆ ಗದ್ದೆ. ಸಂಸ್ಥೆ ಎಲ್ಲಿಂದ ಬಂತು?

ಹರಿಹರದಲ್ಲಿ ನನ್ನ ತಂಗಿ ಮಗ ಕಂಪ್ಯೂಟರ್ ಕೆಲಸ ಮಾಡ್ತಾನೆ. ಭಾನುವಾರ ಬಂದು ನೋಡಿದ. "ಮಾವ, ನಿಮ್ಮ ಲ್ಯಾಪ್‌ಟಾಪಿಗೆ ಹೋಮ್ ವಿಂಡೋಸ್ ಲೈಸೆನ್ಸ್ ಕಂಪನಿಯಿಂದಲೇ ಬಂದೈತಿ. ಅವನು ಅದನ್ನ ಬಿಟ್ಟು ಪ್ರೊ ಅನ್ನೋ ಬೇರೆ ವಿಂಡೋಸ್ ಹಾಕಿ, ಕಳ್ಳ ಕೀಲಿಯಿಂದ ತೆಗೆದಾನೆ" ಅಂದ. ದೊಡ್ಡ ದೊಡ್ಡ ಆಫೀಸು, ಕಾಲೇಜಿನವರಿಗೆ ಅಂತ ಒಂದು ಆಕ್ಟಿವೇಶನ್ ಪದ್ಧತಿ ಐತಂತೆ. ಅದರದ್ದು 180 ದಿನದ ವಾಯಿದೆ, ಆಮೇಲೆ ಮತ್ತೆ ನವೀಕರಣ ಆಗ್ತಾ ಇರಬೇಕು. ಆ ಪದ್ಧತಿಯ ವೇಷ ಹಾಕಿ ಕಂಪ್ಯೂಟರಿಗೆ ಸುಳ್ಳು ಹೇಳೋ ಸಣ್ಣ ತಂತ್ರಾಂಶ ಸಿಗ್ತಾವೆ, ಅದನ್ನ ಹಾಕಿದಾರೆ. ಹಾಕಬೇಕಾದರೆ ಆಂಟಿವೈರಸ್ ಬಂದ್ ಮಾಡಬೇಕಾಗ್ತೈತಿ. ಅಂದರೆ ಕಾವಲು ನಾಯಿ ಕಟ್ಟಿಹಾಕಿ ಕಳ್ಳನ್ನ ಒಳಗೆ ಬಿಟ್ಟಂಗೆ. ಆ ಹದಿನೈದು ದಿನ ನನ್ನ ಬ್ಯಾಂಕಿನ ಪಾಸ್‌ವರ್ಡು, ಮಗಳ ಪರೀಕ್ಷೆ ಅರ್ಜಿ, ಆಧಾರ್ ಪ್ರತಿ ಎಲ್ಲಾ ಅದೇ ಲ್ಯಾಪ್‌ಟಾಪಿನಾಗೆ ಓಡಾಡಿದ್ದವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಮೊದಲು ನನ್ನ ಮೊಬೈಲಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿದ್ದು.

ಈಗ ಅಸಲಿ ವಿಷಯ. ಲೈಸೆನ್ಸ್ ಡಿಸ್ಕಿನಾಗೆ ಇರೋದೇ ಅಲ್ಲ.

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ವಿಂಡೋಸ್ ಸಮೇತ ಮಾರೋ ಲ್ಯಾಪ್‌ಟಾಪಿನ ಕೀ ಅಂದರೆ ಗುಟ್ಟಿನ ನಂಬರನ್ನ ಕಂಪನಿಯವರು ಮದರ್‌ಬೋರ್ಡಿನ ಚಿಪ್ಪಿನಾಗೇ ಬರೆದು ಕೊಡ್ತಾರೆ. ಡಿಸ್ಕ್ ತೆಗೆದು ಬೇರೆ ಹಾಕಿ, ಇಡೀ ವಿಂಡೋಸ್ ಅಳಿಸಿ ಮತ್ತೆ ಹಾಕಿ, ಆ ನಂಬರ್ ಅಲ್ಲೇ ಇರ್ತೈತಿ. ಹೊಸದಾಗಿ ವಿಂಡೋಸ್ ಹಾಕೋವಾಗ ಅದೇ ಹೋಗಿ ನಂಬರ್ ಓದಿಕೊಳ್ಳುತ್ತೆ. 2015ರಲ್ಲಿ ವಿಂಡೋಸ್ 10 ಬಂದ ಮೇಲೆ ಇನ್ನೊಂದು ಅನುಕೂಲ ಆಯ್ತು. ಒಂದು ಸಲ ಆಕ್ಟಿವೇಟ್ ಆದ ಯಂತ್ರದ ಗುರುತನ್ನ ಮೈಕ್ರೋಸಾಫ್ಟ್‌ನವರ ಸರ್ವರ್ ಇಟ್ಟುಕೊಂಡಿರ್ತೈತಿ. ನೆಟ್ ಹಾಕಿದ ಕೂಡಲೇ ಗುರುತು ಹಿಡಿಯುತ್ತೆ. ಇದಕ್ಕೆ ಡಿಜಿಟಲ್ ಲೈಸೆನ್ಸ್ ಅಂತಾರೆ.

ನಮ್ಮ ಭಾಷೇಲಿ ಹೇಳ್ತೀನಿ. ಬೆಳೆ ಕಿತ್ತು ಹೊಲ ಹರಗಿದರೆ ಪಹಣಿ ಹೋಗುತ್ತಾ? ಮನೇಲಿಟ್ಟ ಪಹಣಿ ಪ್ರತಿ ಗೆದ್ದಲು ತಿಂದರೆ ಹೊಲ ಬೇರೆಯವರದಾಗುತ್ತಾ? ನಾಡಕಚೇರಿಗೆ ಹೋಗಿ ಸರ್ವೆ ನಂಬರ್ ಹೇಳಿದರೆ ಇನ್ನೊಂದು ಪ್ರತಿ ಕೊಡ್ತಾರೆ, ಯಾಕಂದ್ರೆ ದಾಖಲೆ ಭೂಮಿ ಕಂಪ್ಯೂಟರಿನಾಗೆ ಐತಿ. ಬೋರಿನ ಮೋಟಾರು ಸುಟ್ಟು ಹೊಸಾದು ಇಳಿಸಿದರೆ ಬೆಸ್ಕಾಂ ಆರ್‌ಆರ್ ನಂಬರ್ ಹೊಸದು ಬೇಕಾ? ಬೇಡ. ಹಂಗೇ ಇದು. ಡಿಸ್ಕ್ ಅಂದರೆ ಮೋಟಾರು, ಮದರ್‌ಬೋರ್ಡ್ ಅಂದರೆ ಆರ್‌ಆರ್ ನಂಬರ್ ಇರೋ ಜಾಗ.

ಅಳಿಯ ಮಾಡಿದ ಕೆಲಸ ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಮಗಳ ಫೋಟೋ, ನೋಟ್ಸ್ ಎಲ್ಲ ಬೇರೆ ಕಡೆ ಕಾಪಿ ಮಾಡಿಕೊಂಡ. 8 ಜಿಬಿ ಪೆನ್‌ಡ್ರೈವ್ ಖಾಲಿ ಮಾಡಿ, ಅವನ ಕಂಪ್ಯೂಟರಿನಾಗೆ ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದಲೇ ವಿಂಡೋಸ್ ಇಳಿಸಿಕೊಂಡು ಬಂದಿದ್ದ. ಇಳಿಸಿಕೊಳ್ಳೋಕೆ ದುಡ್ಡಿಲ್ಲ. ಪೆನ್‌ಡ್ರೈವ್ ಚುಚ್ಚಿ, ಹಳೇದೆಲ್ಲ ಅಳಿಸಿ, ಹೊಸದು ಹಾಕೋಕೆ ಶುರು ಮಾಡಿದ. ಹೋಮಾ, ಪ್ರೊನಾ ಅಂತ ಅದು ಕೇಳಲೇ ಇಲ್ಲ, ಚಿಪ್ಪಿನಾಗೆ ಇದ್ದ ನಂಬರ್ ನೋಡಿ ತಾನೇ ಹೋಮ್ ಸಿಂಗಲ್ ಲಾಂಗ್ವೇಜ್ ಹಾಕಿಕೊಳ್ತು. ಒಂದೊಂದು ಯಂತ್ರದಾಗೆ ಕೀ ಕೇಳಿದರೆ "ನನ್ನ ಹತ್ರ ಕೀ ಇಲ್ಲ" ಅನ್ನೋದನ್ನ ಒತ್ತಿ, ಮೊದಲು ಯಾವುದಿತ್ತೋ ಅದೇ ಆರಿಸಬೇಕು ಅಂದ. ಮುಗಿದ ಮೇಲೆ ನನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿದ. ಎರಡು ಚಾ ಕುಡಿಯೋದ್ರೊಳಗೆ "ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ" ಅಂತ ಬಂತು. ಒಂದು ರೂಪಾಯಿ ಖರ್ಚಿಲ್ಲ. ನಾನು 1,800 ಕೊಟ್ಟಿದ್ದು ನನ್ನ ಹೊಲಕ್ಕೆ ನಾನೇ ಗುತ್ತಿಗೆ ಕಟ್ಟಿದಂಗೆ.

ನೀವು ಈಗಲೇ ನೋಡಬಹುದು. ಸೆಟ್ಟಿಂಗ್ಸ್ ತೆರೆದು ಆಕ್ಟಿವೇಶನ್ ಅಂತ ಹುಡುಕಿ. ಡಿಜಿಟಲ್ ಲೈಸೆನ್ಸ್ ಅಂತಿದ್ದರೆ ನೆಮ್ಮದಿ. ಮನೆ ಲ್ಯಾಪ್‌ಟಾಪಿನಾಗೆ ಸಂಸ್ಥೆ ಅಂತ ತೋರಿಸಿದರೆ ಅಂಗಡಿಯವನನ್ನ ಕೇಳ್ರಿ. ರಿಪೇರಿಗೆ ಕೊಡೋ ಮೊದಲೂ ಆ ಪುಟದ ಒಂದು ಫೋಟೋ ತೆಗೆದಿಡ್ರಿ. ವಾಪಸ್ ತರೋವಾಗ ಅದೇ ಇರಬೇಕು.

ಇದಕ್ಕೆ ಹೊರತಾದದ್ದೂ ಇದಾವೆ, ಅದನ್ನೂ ಹೇಳಬೇಕು. ಮದರ್‌ಬೋರ್ಡೇ ಬದಲಾದರೆ ನಂಬರೂ ಹೋಗ್ತೈತಿ. ಆಗ ಕಂಪನಿ ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ, ಹೊಸ ಬೋರ್ಡಿಗೆ ಕೀ ಸೇರಿಸಿಕೊಡಿ ಅಂತ ಕೇಳ್ರಿ. ವಿಂಡೋಸ್ 7 ಕಾಲದ ಲ್ಯಾಪ್‌ಟಾಪಿಗೆ ಅಡಿಭಾಗದಾಗೆ ಸ್ಟಿಕ್ಕರ್ ಇರೋದು, ಅದರ ಕಥೆ ಬೇರೆ. ಕೆಲವು ಕಡಿಮೆ ಬೆಲೆ ಲ್ಯಾಪ್‌ಟಾಪ್ ವಿಂಡೋಸ್ ಇಲ್ಲದೇನೇ ಮಾರ್ತಾರೆ, ಬಿಲ್ಲಿನಾಗೆ ಡಾಸ್ ಅಂತ ಬರೆದಿರ್ತಾರೆ. ಅದಕ್ಕೆ ಲೈಸೆನ್ಸ್ ಬಂದೇ ಇರಲ್ಲ. ಅಂಥದಕ್ಕೆ ದುಡ್ಡು ಕೊಟ್ಟು ತಗೋಬೇಕು, ಇಲ್ಲಾಂದ್ರೆ ಉಬುಂಟು ಥರದ್ದು ಪುಕ್ಕಟೆ ಸಿಗ್ತೈತಿ. ಇನ್ನೊಂದು, ಲ್ಯಾಪ್‌ಟಾಪ್ ಜೊತೆ ಬರೋ ಆಫೀಸ್ ಲೈಸೆನ್ಸ್ ಇಮೇಲ್ ಖಾತೆಗೆ ಅಂಟಿಕೊಂಡಿರ್ತೈತಿ. ಕೊಳ್ಳೋ ದಿನ ಅಂಗಡಿ ಹುಡುಗ ತನ್ನ ಇಮೇಲ್ ಹಾಕಿ ಶುರು ಮಾಡಿಕೊಟ್ಟರೆ ನಮ್ಮ ಆಸ್ತಿಗೆ ಅವನ ಹೆಸರಲ್ಲಿ ಖಾತೆ ಆದಂಗೆ. ಮಕ್ಕಳ ಇಮೇಲೇ ಹಾಕಿಸ್ರಿ, ಪಾಸ್‌ವರ್ಡ್ ಡೈರಿಯಾಗೆ ಬರೆದಿಡ್ರಿ.

ಇದನ್ನ ಈಗ ಬರೆಯೋಕೆ ಕಾರಣ ಐತಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹಿಂಗಾಗಿ ಜನ ಲ್ಯಾಪ್‌ಟಾಪ್ ಹೊತ್ತುಕೊಂಡು ಅಂಗಡಿಗೆ ಹೋಗ್ತಾರೆ, ಅಲ್ಲಿ "ಹೊಸ ಲೈಸೆನ್ಸ್" ಅಂತ ಬಿಲ್ಲು ಆಗ್ತೈತಿ. ಯಂತ್ರ ವಿಂಡೋಸ್ 11ಕ್ಕೆ ತಕ್ಕದ್ದಾಗಿದ್ದು, ಈಗಿರೋ 10 ಅಸಲಿ ಆಗಿದ್ದರೆ, ಅದೇ ಲೈಸೆನ್ಸಿನ ಮೇಲೆ 11 ಪುಕ್ಕಟೆ.

ನಾನು ಈ ಕಥೆ ಹೇಳಿದಾಗ ಚಾ ಅಂಗಡೀಲಿ ಒಬ್ಬರು ಅಂದರು, "ಬಿಡಪ್ಪ, ಕ್ರ್ಯಾಕ್ ಆದ್ರೇನು, ಒರಿಜಿನಲ್ ಆದ್ರೇನು? ನಡೆದ್ರೆ ಸಾಕು. ದೊಡ್ಡ ಕಂಪನಿಗೆ ನಮ್ಮ ದುಡ್ಡು ಯಾಕೆ?" ಈ ಮಾತು ನನಗೆ ಒಪ್ಪಿಗೆ ಇಲ್ಲ. ಒಂದನೇದು, ಕಂಪನಿಗೆ ದುಡ್ಡು ಆಗಲೇ ಹೋಗೈತಿ, ಲ್ಯಾಪ್‌ಟಾಪ್ ಬೆಲೆಯಾಗೆ ನಾವೇ ಕೊಟ್ಟೀವಿ. ಕ್ರ್ಯಾಕ್ ಹಾಕಿಸಿದರೆ ಕಂಪನಿಗೆ ನಷ್ಟ ಆಗಲ್ಲ, ನಮ್ಮದೇ ಅಸಲಿ ಮೂಲೇಲಿ ಬಿದ್ದಿರ್ತೈತಿ. ಎರಡನೇದು, ಬಿತ್ತನೆ ಬೀಜದ ಚೀಲಕ್ಕೆ ನೀಲಿ ಚೀಟಿ ಇಲ್ಲದಿದ್ದರೆ ನಾವು ಪ್ರಮಾಣಿತ ಬೀಜ ಅಂತ ಒಪ್ತೀವಾ? ಮೊಳಕೆ ಬರದಿದ್ದರೆ ಕೃಷಿ ಇಲಾಖೆ ಬಾಗಿಲಿಗೆ ಹೋಗಿ ಕೂತ್ಕೋತೀವಿ. ನಕಲಿ ಬೀಜಕ್ಕೆ ಸಿಟ್ಟಾಗೋ ನಾವು ನಕಲಿ ಕೀಲಿಗೆ 1,800 ಕೊಟ್ಟು ಕೈ ಮುಗಿದು ಬರ್ತೀವಿ, ಯಾಕಂದ್ರೆ ಒಂದು ಗೊತ್ತಿರೋ ವಿಷಯ, ಇನ್ನೊಂದು ಗೊತ್ತಿಲ್ಲದ ವಿಷಯ.

ಅಂಗಡಿಯವರೆಲ್ಲ ಕಳ್ಳರು ಅಂತ ನಾನು ಹೇಳ್ತಾ ಇಲ್ಲ. ಎಷ್ಟೋ ಹುಡುಗರು ಒಂದೇ ಪೆನ್‌ಡ್ರೈವ್ ಇಟ್ಕೊಂಡು ಬಂದ ಲ್ಯಾಪ್‌ಟಾಪಿಗೆಲ್ಲ ಅದೇ ಪ್ರೊ ಹಾಕ್ತಾರೆ, ಅವರಿಗೆ ಕಲಿಸಿದವರು ಹಂಗೇ ಕಲಿಸಿರ್ತಾರೆ. ಕೂಲಿ ಅವರಿಗೆ ಸಲ್ಲಬೇಕು. ಎರಡು ತಾಸು ಕೂತು ಮಾಡಿದ ಕೆಲಸಕ್ಕೆ 500 ತಗೊಳ್ಳಲಿ, ಖುಷಿಯಿಂದ ಕೊಡ್ತೀನಿ. ನಾನೂ ಕೂಲಿ ಕೊಟ್ಟು ಕೊಯ್ಲು ಮಾಡಿಸಿದವನೇ. ಆದರೆ ಬಿಲ್ಲಿನಾಗೆ ಕೂಲಿ ಅಂತ ಬರೀಲಿ. ಲೈಸೆನ್ಸ್ ಅಂತ ಬರೆದರೆ ಯಾವ ಲೈಸೆನ್ಸ್, ಯಾರ ಹೆಸರಿಗೆ, ಅದೂ ಬರೀಲಿ. ಈ ಒಂದು ಮಾತು ನಾವು ಹತ್ತು ಜನ ಕೇಳೋಕೆ ಶುರು ಮಾಡಿದರೆ ಸಾಕು, ಆ ಸಾಲು ಬಿಲ್ಲಿನಿಂದ ತಾನೇ ಮಾಯ ಆಗ್ತೈತಿ.

ನಾನು ಮತ್ತೆ ಆ ಅಂಗಡಿಗೆ ಹೋದೆ. ಜಗಳ ಮಾಡಲಿಲ್ಲ. ಲ್ಯಾಪ್‌ಟಾಪ್ ತೆಗೆದು ಆ ಪುಟ ತೋರಿಸಿದೆ. ಹುಡುಗ ಸ್ವಲ್ಪ ಹೊತ್ತು ನೋಡಿ 1,000 ವಾಪಸ್ ಕೊಟ್ಟ. 800 ಬಿಟ್ಟೆ, ಅದು ನಾನು ಕಲಿತ ಪಾಠದ ಫೀಜು ಅಂತ ಬರಕೊಂಡೆ. ನೀವು ಆ ಫೀಜು ಕಟ್ಟಬ್ಯಾಡ್ರಿ. ಮಕ್ಕಳು ಸಂಜೆ ಲ್ಯಾಪ್‌ಟಾಪ್ ತೆಗೆದಾಗ ಪಕ್ಕದಾಗೆ ಕೂತು ಒಂದು ಸಲ ಆ ಪುಟ ತೆಗೆಸಿ ನೋಡ್ರಿ.

ಮುಂದಿನ ಸಲ ಬೇಸಿಗೆ ಬೆಳೆಗೆ ಭದ್ರಾ ನೀರಿನ ಲೆಕ್ಕ ಬರೀತೀನಿ.