ರಾತ್ರಿ ಹೊತ್ತು ಕಾಲುನೋವೇ?



ಹಗಲೆಲ್ಲ ನಮಗೆ ನಮ್ಮ ಕಾಲಿನ ನೆನಪೇ ಇರುವುದಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದಾಗಿನಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಒಂದೇ ಸಮನೆ ಓಡಾಟ. ದೀಪ ಆರಿಸಿ ಮಲಗಿದೆವೋ ಇಲ್ಲವೋ, ಶುರು ನೋಡಿ! ಒಬ್ಬರಿಗೆ ಅಂಗಾಲು ಉರಿ, ಒಬ್ಬರಿಗೆ ಮೀನಖಂಡದ ಸೆಳೆತ, ಇನ್ನೊಬ್ಬರಿಗೆ ಹಿಮ್ಮಡಿ ನೋವು. "ಬಿಸಿನೀರಲ್ಲಿ ಕಾಲಿಟ್ಟುಕೊಳ್ಳಿ, ಸರಿಹೋಗುತ್ತೆ" ಎಂದು ಹೇಳದವರು ನಮ್ಮಲ್ಲಿ ಯಾರಿದ್ದಾರೆ? ನಾನೂ ಹೇಳಿದವಳೇ. ಅದರಿಂದ ಆದ ಫಜೀತಿಯನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರಿಗೆ ರಾತ್ರಿಯಾದರೆ ಅಂಗಾಲು ಉರಿ. ಹೊದಿಕೆ ತಾಗಿದರೂ ಆಗದು. "ಮೆಣಸಿನಕಾಯಿ ಅರೆದು ಹಚ್ಚಿದ ಹಾಗಿದೆ ಕಣಮ್ಮ" ಅನ್ನುತ್ತಿದ್ದರು. ಕೊಬ್ಬರಿ ಎಣ್ಣೆ ತಿಕ್ಕಿದ್ದಾಯಿತು, ಹರಳೆಣ್ಣೆ ತಿಕ್ಕಿದ್ದಾಯಿತು. ಕೊನೆಗೆ ಒಂದು ರಾತ್ರಿ ಟಬ್ಬಿಗೆ ಬಿಸಿನೀರು ಹುಯ್ದು, ಕಲ್ಲುಪ್ಪು ಹಾಕಿ ಕೊಟ್ಟೆ.

"ಬಿಸಿ ಸಾಕಾ ಅತ್ತೆ?"

"ಇನ್ನೊಂದಿಷ್ಟು ಹಾಕಮ್ಮ, ಬಿಸೀನೇ ಇಲ್ಲ."

ಹಾಕಿದೆ. ಬೆಳಿಗ್ಗೆ ನೋಡಿದರೆ ಎರಡೂ ಪಾದಕ್ಕೆ ಬೊಬ್ಬೆ! ಸುಟ್ಟದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಹೊರಬಿತ್ತು. ಯಾವಾಗಿನಿಂದಲೋ ಒಳಗೊಳಗೇ ಇದ್ದು ಕಾಲಿನ ನರಗಳನ್ನು ಕೆಡಿಸಿತ್ತು. ಕೆಟ್ಟ ನರ ಇಲ್ಲದ ಉರಿಯನ್ನು ಇದೆ ಅನ್ನುತ್ತದೆ, ಇರುವ ಬಿಸಿಯನ್ನು ಇಲ್ಲ ಅನ್ನುತ್ತದೆ. ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ನನ್ನ ಮನಸ್ಸಿನ ಗಾಯ ಇನ್ನೂ ಮಾಯ್ದಿಲ್ಲ.

ಆದ್ದರಿಂದ ಬಿಸಿನೀರಿಗೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ್ದು ಇದು. ಯಾವ ಉಪಕರಣವೂ ಬೇಡ. ನೋವಿರುವವರು ಕಣ್ಣು ಮುಚ್ಚಿ ಮಲಗಲಿ. ನೀವು ಅವರ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ, ನೊಣ ಕೂತಷ್ಟು ಹಗುರವಾಗಿ, ಒಂದೆರಡು ಸೆಕೆಂಡು ಮುಟ್ಟಿ. ಒತ್ತಬೇಡಿ, ಸವರಬೇಡಿ. ಮುಟ್ಟಿದ್ದು ಗೊತ್ತಾದಾಗ "ಬಲಗಾಲು", "ಎಡಗಾಲು" ಎಂದು ಅವರು ಹೇಳಬೇಕು. ಆರರಲ್ಲಿ ಎರಡು ತಪ್ಪಿದರೂ ಡಾಕ್ಟರ ಹತ್ತಿರ ಹೋಗಲೇಬೇಕು. ಅಂಥ ಕಾಲಿಗೆ ಬಿಸಿನೀರೂ ಬೇಡ, ಕಾವೂ ಬೇಡ, ಬರಿಗಾಲ ನಡಿಗೆಯೂ ಬೇಡ.

ಇನ್ನು ಯಾವ ನೋವಿಗೆ ಏನು ಎಂದು ನೋಡೋಣ.

ಅಂಗಾಲು ಉರಿ, ಜೋಮು: ಸಕ್ಕರೆ ಕಾಯಿಲೆಯಲ್ಲದೆ ಬಿ12 ಜೀವಸತ್ವದ ಕೊರತೆಯಿಂದಲೂ ಬರುತ್ತದೆ. ಸೊಪ್ಪು, ತರಕಾರಿ, ಬೇಳೆಗಳಲ್ಲಿ ಅದು ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಲ್ಲಿ ಇದೆ. ಎಲ್ಲರಿಗೂ ಮೊಸರು ಬಡಿಸಿ ತಾನು ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಸೋದರಿ ಇದನ್ನು ಗಮನಿಸಬೇಕು. ಸಕ್ಕರೆ ಕಾಯಿಲೆಗೆ ಬಹಳ ಕಾಲ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲೂ ಬಿ12 ಇಳಿಯಬಹುದು. ಹಾಗೆಂದು ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಮೀನಖಂಡದ ಸೆಳೆತ: ಹಿಡಿದುಕೊಂಡ ಕೂಡಲೇ ಮಂಡಿ ನೀಟಾಗಿ ಚಾಚಿ, ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮಲಗುವ ಮೊದಲು ಗೋಡೆಗೆ ಕೈಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೂರಿ ಮುಂದೆ ಬಾಗಿ, ಅರ್ಧ ನಿಮಿಷ ನಿಲ್ಲಿ. ಇನ್ನೊಂದು ಕಾಲಿಗೂ ಹೀಗೇ ಮಾಡಿ. ಹಗಲು ನೀರು ಚೆನ್ನಾಗಿ ಕುಡಿಯಿರಿ.

ಹಿಮ್ಮಡಿ ನೋವು: ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಯೇ ಚುಚ್ಚುತ್ತಿದ್ದರೆ ಅಂಗಾಲಿನ ಪಟ್ಟಿ ನೊಂದಿದೆ ಎಂದು ಅರ್ಥ. ಗಟ್ಟಿ ನೆಲದ ಅಡಿಗೆಮನೆಯಲ್ಲಿ ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ. ತರಕಾರಿ ಹೆಚ್ಚುವುದು, ಸೊಪ್ಪು ಸೋಸುವುದು ಕೂತೇ ಆಗಲಿ.

ತಡಮಾಡಬಾರದ ನೋವು: ಮಲಗಿದರೆ ಪಾದ ನೋಯುತ್ತದೆ, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುತ್ತದೆ ಎಂದರೆ ರಕ್ತದ ಓಟ ಕಡಿಮೆಯಾಗಿರಬಹುದು. ಬೀಡಿ ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ತಿಕ್ಕಲು ಹೋಗಬೇಡಿ.

ಈಗ ದಿನಾ ರಾತ್ರಿ ಅತ್ತೆಯವರ ಅಂಗಾಲು, ಬೆರಳ ಸಂದು ನೋಡುವುದು ನನ್ನ ಕೆಲಸ. ಮೊನ್ನೆ ಹೀಗೆ ನೋಡುತ್ತಿರುವಾಗ ಕೇಳಿದರು: "ನನ್ನ ಕಾಲು ನೀನು ನೋಡ್ತೀಯ, ನಿನ್ನ ಕಾಲು ಯಾರು ನೋಡ್ತಾರಮ್ಮ?" ನಾನು ನಕ್ಕು ಸುಮ್ಮನಾದೆ. ಅವರು ಬಿಡಲಿಲ್ಲ. ಮಾರನೆಯ ದಿನವೇ ಪರೀಕ್ಷೆಗೆ ಕಳಿಸಿದರು. ಖಾಲಿ ಹೊಟ್ಟೆಯಲ್ಲಿ 112 ಬಂತು! 126 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಹೊಸ್ತಿಲ ಮೇಲಿದ್ದೇನೆ. ಸಂಜೆ ನಡಿಗೆ ಶುರುಮಾಡಿದ್ದೇನೆ, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುವುದು ಬಿಟ್ಟಿದ್ದೇನೆ.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಈ ಪರೀಕ್ಷೆ ಇದೆ. ಇವತ್ತು ರಾತ್ರಿ ಅಡಿಗೆಮನೆ ದೀಪ ಆರಿಸಿದ ಮೇಲೆ ಐದು ನಿಮಿಷ ಕೂತು, ಮನೆಯವರ ಕೈಲಿ ನಿಮ್ಮ ಆರು ಬೆರಳು ಮುಟ್ಟಿಸಿಕೊಳ್ಳಿ. ನಾಚಿಕೆ ಬೇಡ. ಇಡೀ ಮನೆ ಆ ಕಾಲಿನ ಮೇಲೆ ತಾನೇ ನಿಂತಿರುವುದು?