ನೆರೆಯ ಏರಿಳಿತ

‘ನೆರೆ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಪಕ್ಕದ ಮನೆಯೆಂದೂ ಪ್ರವಾಹವೆಂದೂ ಎರಡರ್ಥಗಳುಂಟು. ದೊಡ್ಡ ಅರ್ಥವ್ಯವಸ್ಥೆಯೊಂದರ ಮಗ್ಗುಲಲ್ಲಿರುವ ಸಣ್ಣ ದೇಶವು ಈ ಎರಡರ್ಥಗಳನ್ನೂ ಏಕಕಾಲದಲ್ಲಿ ಅನುಭವಿಸುತ್ತದೆ. ನೇಪಾಳವು ಅಂಥ ದೇಶ. ಅದರ ದೊಡ್ಡ ನೆರೆ ನಾವೇ ಆಗಿರುವುದರಿಂದ ಈ ವಿಚಾರವು ನಮಗೆ ಹೊರಗಿನದಲ್ಲ.

ನೇಪಾಳದ ವಿದೇಶ ವ್ಯಾಪಾರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಭಾರತದೊಡನೆಯೇ ನಡೆಯುತ್ತದೆ. 1993ರಿಂದ ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ ಎಂಬ ವಿನಿಮಯ ದರವು ಅಚಲವಾಗಿದೆ. ಈ ಗಂಟಿನಿಂದ ಅಲ್ಲಿಯ ವರ್ತಕನಿಗೆ ನೆಮ್ಮದಿಯುಂಟೆಂಬುದು ದಿಟ. ಆದರೆ ಇಲ್ಲಿ ಬೆಲೆಯೇರಿದರೆ ಅದರ ಬಿಸಿ ಅಲ್ಲಿಗೂ ತಟ್ಟುತ್ತದೆ. ಇಲ್ಲಿ ಬಡ್ಡಿ ಏರಿದಾಗ ಅಲ್ಲಿಯ ಕೇಂದ್ರ ಬ್ಯಾಂಕು ತನ್ನ ಬಡ್ಡಿಯನ್ನು ಬಹುವಾಗಿ ತಗ್ಗಿಸಿಡಲಾರದು. ಹಣವು ತೆರೆದ ಗಡಿಯನ್ನು ದಾಟಿ ಇತ್ತ ಹರಿದೀತೆಂಬ ಭಯ. ಇಲ್ಲಿಯ ನಗರಗಳಲ್ಲಿ ಕಟ್ಟಡದ ಕೆಲಸ ನಿಂತರೆ, ಅಲ್ಲಿಯ ಬೆಟ್ಟದೂರಿನ ಮನೆಗೆ ಮಗನು ಕಳುಹುವ ಹಣವೂ ನಿಲ್ಲುತ್ತದೆ.

ಹಾಗಾದರೆ ಗಂಟನ್ನು ಬಿಚ್ಚಬಾರದೇಕೆ ಎಂದು ಕೇಳಬಹುದು. ಕೆನಡಾ ದೇಶವು 1970ರಿಂದ ತನ್ನ ಡಾಲರನ್ನು ಸ್ವತಂತ್ರವಾಗಿ ತೇಲಬಿಟ್ಟಿದೆ. 2008ರ ಬಿಕ್ಕಟ್ಟಿನಲ್ಲಿ ಅದರ ದೊಡ್ಡ ಬ್ಯಾಂಕುಗಳಲ್ಲಿ ಒಂದೂ ಕುಸಿಯಲಿಲ್ಲ. ಆದರೂ ರಫ್ತಿನ ಬಹುಪಾಲನ್ನು ಕೊಳ್ಳುವ ಅಮೆರಿಕವು ಕೊಳ್ಳುವುದನ್ನು ತಗ್ಗಿಸಿದೊಡನೆ ಅದೂ ಹಿಂಜರಿತಕ್ಕೆ ಸಿಲುಕಿತು. ಸ್ವಂತ ನಾಣ್ಯವು ಪೆಟ್ಟನ್ನು ಮೃದುಗೊಳಿಸೀತು, ತಪ್ಪಿಸಲಾರದು. ಆದುದರಿಂದ ಹೊಣೆಯ ಒಂದು ಭಾಗವು ದೊಡ್ಡ ನೆರೆಯ ಮೇಲೆಯೇ ಬೀಳುತ್ತದೆಂಬುದು ನನ್ನ ನಿಶ್ಚಿತಾಭಿಪ್ರಾಯ.

ಈ ಹೊಣೆಯನ್ನು ನಾವು ಅರಿತು ನಡೆದೆವೆಂದು ಹೇಳಲು ನಾಲಗೆ ಏಳದು. ಪ್ರಯಾಣಿಕನೊಬ್ಬನು ನಮ್ಮ 500 ಮತ್ತು 1000 ರೂಪಾಯಿಗಳ ನೋಟುಗಳನ್ನು 25,000 ರೂಪಾಯಿಗಳವರೆಗೆ ನೇಪಾಳಕ್ಕೆ ಒಯ್ಯಬಹುದೆಂದು ನಾವೇ ಅನುಮತಿಯಿತ್ತಿದ್ದೆವು. 2016ರ ನವೆಂಬರ್ 8ರ ರಾತ್ರಿ ಆ ನೋಟುಗಳು ರದ್ದಾದುವು. ಇಲ್ಲಿಯ ಪ್ರಜೆಗಾದರೋ ಸಾಲಿನಲ್ಲಿ ನಿಲ್ಲಲು ಒಂದು ಬ್ಯಾಂಕಿತ್ತು. ಕೂಲಿಯ ಉಳಿತಾಯವನ್ನು ಪೆಟ್ಟಿಗೆಯಲ್ಲಿಟ್ಟಿದ್ದ ನೇಪಾಳಿಯು ತನ್ನ ಊರಿನಲ್ಲಿ ಅವನ್ನು ಬದಲಾಯಿಸಿಕೊಳ್ಳುವ ದಾರಿ ಕಾಣದಾದನು. ನಮ್ಮ ರೂಪಾಯಿಯನ್ನು ನಂಬಿದುದೇ ಅವನ ಅಪರಾಧವೇ?

2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿಯಕ್ಕಿಯ ರಫ್ತನ್ನು ಭಾರತವು ನಿಷೇಧಿಸಿತು. ನಮ್ಮ ಜನರಿಗೆ ಅಕ್ಕಿ ತುಟ್ಟಿಯಾಗದಿರಲೆಂಬ ಉದ್ದೇಶವು ಆಕ್ಷೇಪಾರ್ಹವಲ್ಲ. ನೇಪಾಳಕ್ಕೆ 95,000 ಟನ್ ಅಕ್ಕಿಯನ್ನು ಕಳುಹಲು ಅನುಮತಿ ದೊರೆತದ್ದು ಅಕ್ಟೋಬರ್ ತಿಂಗಳಿನಲ್ಲಿ. ಆ ಅನುಮತಿಯ ವಾಕ್ಯವೊಂದನ್ನು ಜುಲೈ ತಿಂಗಳ ಆಜ್ಞೆಯಲ್ಲಿಯೇ ಸೇರಿಸಲು ಯಾವ ಅಡ್ಡಿಯಿತ್ತೋ ತಿಳಿಯದು.