ಪೆಟ್ಟು ತಿಂದ ಮರುದಿನ

ತೆಲಂಗಾಣದ ನಿಜಾಮಾಬಾದ್ ನಗರದ ಒಂದು ಮನೆಗೆ ಹದಿಮೂರರ ಆಸುಪಾಸಿನ ಬಾಲಕಿಯೊಬ್ಬಳು ಕಣ್ಣಿನ ಸುತ್ತ ಕಪ್ಪುಗಟ್ಟಿ, ಮೂಗಿನಿಂದ ರಕ್ತ ಸುರಿಸಿಕೊಂಡು ಮರಳಿ ಬಂದಳು. ಬಾಕ್ಸಿಂಗ್ ಕಲಿಯಲು ಹೋದ ಆಕೆಗೆ ಅಭ್ಯಾಸದ ಜೋಡಿಯಾಗಿ ಸಿಕ್ಕವನು ಒಬ್ಬ ಹುಡುಗ. ಅಲ್ಲಿ ಬೇರೆ ಹುಡುಗಿಯರೇ ಇರಲಿಲ್ಲ. ಮಗಳ ಮುಖ ಕಂಡು ತಾಯಿ ಕಣ್ಣೀರಿಟ್ಟರು. ಮುಖ ಕೆಟ್ಟರೆ ನಾಳೆ ಯಾರು ಮದುವೆಯಾದಾರು ಎಂಬುದು ಅವರ ಅಳಲು. ಹೆಸರು ಬರಲಿ, ಆಗ ವರಗಳು ಸಾಲುಗಟ್ಟಿ ನಿಲ್ಲುತ್ತಾರೆ ಎಂದು ಮಗಳೇ ತಾಯಿಗೆ ಸಮಾಧಾನ ಹೇಳಿದಳು. ಆ ಬಾಲಕಿ ನಿಖತ್ ಜರೀನ್. ಮುಂದೆ 2022ರಲ್ಲಿ ಇಸ್ತಾಂಬುಲ್‌ನಲ್ಲಿಯೂ 2023ರಲ್ಲಿ ದೆಹಲಿಯಲ್ಲಿಯೂ ವಿಶ್ವ ಚಾಂಪಿಯನ್ ಪಟ್ಟ ಗೆದ್ದ ಅವರು ಈ ಪ್ರಸಂಗವನ್ನು ಸಂದರ್ಶನಗಳಲ್ಲಿ ತಾವೇ ನೆನೆದುಕೊಂಡಿದ್ದಾರೆ.

ಶಾಲೆಯ ಸಭೆಗಳಲ್ಲಿ ಇಂತಹ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ರಕ್ತದಿಂದ ನೇರವಾಗಿ ಪದಕಕ್ಕೆ ಹಾರಿಬಿಡುತ್ತಾರೆ. ನಡುವಣ ದಿನಗಳಲ್ಲಿ ಏನಾಗಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಪೆಟ್ಟು ತಿಂದ ಮರುದಿನ ಕಲಿಯುವ ಮಗುವಿಗೆ ಬೇಕಾದುದು ಆ ನಡುವಣ ಮಾತೇ. ಇಂದು ಗಡಿಯಾಚೆಯ ಊರುಗಳಲ್ಲಿಯೂ ಕನ್ನಡ ಶಾಲೆಯ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಜಿಲ್ಲಾ ಕ್ರೀಡಾಂಗಣದ ಮೂಲೆಯಲ್ಲಿ ತೂಗುವ ಮರಳಿನ ಚೀಲವನ್ನು ಕುತೂಹಲದಿಂದ ನೋಡುವ ಕಾಲ ಬಂದಿದೆ. ಆದುದರಿಂದ ಈ ವಿಷಯವನ್ನು ಮನೆಯವರೂ ತಿಳಿದಿರುವುದು ಒಳಿತು.

ಬಾಕ್ಸಿಂಗ್ ಕಲಿಕೆಯಲ್ಲಿ ಮೊದಲ ತಿಂಗಳುಗಳು ನೆರಳಿನೊಡನೆ ಕಳೆಯುತ್ತವೆ. ನಿಲುವು, ಹೆಜ್ಜೆ, ಹಗ್ಗದಾಟ, ಚೀಲಕ್ಕೆ ಗುದ್ದುವುದು, ಇವೇ ಪಾಠಗಳು. ಹೊಡೆತಗಳ ಹೆಸರುಗಳೆಲ್ಲ ಇಂಗ್ಲಿಷಿನವು; ತರಬೇತುದಾರರ ಮಾತು ಮರಾಠಿಯೋ ತೆಲುಗೋ ಹಿಂದಿಯೋ ಆಗಿರುವುದುಂಟು. ಆದರೆ ಅವುಗಳ ಅರ್ಥ ಕಠಿಣವೇನಲ್ಲ. ಮುಂದಿರುವ ಕೈಯನ್ನು ನೇರವಾಗಿ ಚಾಚಿ ಹೊಡೆಯುವುದು ಜ್ಯಾಬ್. ಹಿಂದಿನ ಕೈಯಿಂದ, ಸೊಂಟವನ್ನು ತಿರುಗಿಸಿ ಹೊಡೆಯುವ ನೇರ ಗುದ್ದು ಕ್ರಾಸ್. ಮೊಣಕೈಯನ್ನು ಮಡಚಿ ಪಕ್ಕದಿಂದ ಬೀಸಿದರೆ ಹುಕ್. ಕೆಳಗಿನಿಂದ ಗದ್ದದತ್ತ ಎತ್ತಿದರೆ ಅಪ್ಪರ್‌ಕಟ್. ಇವಿಷ್ಟು ಒಂದು ಹದಕ್ಕೆ ಬಂದ ಬಳಿಕ ಎದುರಿಗೆ ಒಬ್ಬ ಜೋಡಿಯನ್ನು ನಿಲ್ಲಿಸುತ್ತಾರೆ. ಅದೇ ಸ್ಪಾರಿಂಗ್, ಗರಡಿಮನೆಯಲ್ಲಿ ಹಿರಿಯ ಪೈಲವಾನನು ಕಿರಿಯನೊಡನೆ ಅಭ್ಯಾಸಕ್ಕಾಗಿ ಕುಸ್ತಿ ಹಿಡಿಯುವಂತೆ.

ಚೀಲವು ಮರಳಿ ಹೊಡೆಯುವುದಿಲ್ಲ, ಮನುಷ್ಯನು ಹೊಡೆಯುತ್ತಾನೆ. ಮೊದಲ ಸ್ಪಾರಿಂಗಿನ ಆಘಾತವೆಲ್ಲ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆ. ತಿಂಗಳುಗಟ್ಟಲೆ ಕಲಿತುದು ಅರ್ಧ ನಿಮಿಷದಲ್ಲಿ ಮರೆತುಹೋಗುತ್ತದೆ. ಗುದ್ದು ಬರುವುದನ್ನು ಕಂಡೊಡನೆ ಕಣ್ಣು ತಾನಾಗಿ ಮುಚ್ಚುತ್ತದೆ, ಹೆಗಲು ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ದೇಹ ಒಂದೂವರೆ ನಿಮಿಷದಲ್ಲಿ ಸೋತು ಬಸವಳಿಯುತ್ತದೆ. ಆಗ ಮಗು ತನ್ನಲ್ಲಿ ಶಕ್ತಿಯಿಲ್ಲ, ಧೈರ್ಯವಿಲ್ಲ ಎಂದು ತೀರ್ಮಾನಿಸುತ್ತದೆ. ಆ ತೀರ್ಮಾನ ತಪ್ಪು. ಕಣ್ಣು ಮುಚ್ಚುವುದು ಹೇಡಿತನದ ಗುರುತಲ್ಲ; ಅದು ದೇಹಕ್ಕೆ ಹುಟ್ಟಿನಿಂದ ಬಂದ ರಕ್ಷಣೆ. ಅಭ್ಯಾಸದಿಂದಲೇ ಅದನ್ನು ಹಿಡಿತಕ್ಕೆ ತರಬೇಕು, ಅದಕ್ಕೆ ವಾರಗಳೂ ತಿಂಗಳುಗಳೂ ಹಿಡಿಯುತ್ತವೆ.

ಸುಧಾರಣೆಯ ಮಾತಿಗೆ ಮೊದಲು ಒಂದು ಎಚ್ಚರಿಕೆ ಸಲ್ಲಬೇಕು. ಮೂಗಿನ ರಕ್ತ ಕಣ್ಣಿಗೆ ಕಾಣುತ್ತದೆ, ತಾಯಂದಿರನ್ನು ಅಳಿಸುತ್ತದೆ. ಆದರೆ ಅದಕ್ಕಿಂತ ಅಪಾಯದ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ತಲೆಗೆ ಪೆಟ್ಟು ಬಿದ್ದಾಗ ಮಿದುಳು ತಲೆಬುರುಡೆಯೊಳಗೆ ಅಲುಗುತ್ತದೆ. ಪ್ರಜ್ಞೆ ತಪ್ಪದಿದ್ದರೂ ಮಿದುಳಿಗೆ ಆಘಾತವಾಗಿರಬಹುದು. ತಲೆನೋವು, ತಲೆಸುತ್ತು, ವಾಕರಿಕೆ, ಮಂಜಾದ ದೃಷ್ಟಿ, ಬೆಳಕನ್ನು ಸಹಿಸಲಾಗದಿರುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಕಾರಣವಿಲ್ಲದೆ ಸಿಡುಕುವುದು, ಇವು ಅದರ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಮಗುವನ್ನು ಅಂದು ಮತ್ತೆ ರಿಂಗಿಗೆ ಇಳಿಸಕೂಡದು, ವೈದ್ಯರಿಗೆ ತೋರಿಸಬೇಕು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಎಚ್ಚರವಾಗದ ಮಂಪರು, ತೊದಲುವ ಮಾತು, ಸೆಳವು, ಇವು ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆಘಾತವಾಗಿದೆಯೆಂದು ವೈದ್ಯರು ಹೇಳಿದರೆ ಮೊದಲ ಒಂದೆರಡು ದಿನ ವಿಶ್ರಾಂತಿ. ಬಳಿಕ ಹಂತಹಂತವಾಗಿ ಮೊದಲು ಪಾಠಕ್ಕೆ, ಅನಂತರ ಆಟಕ್ಕೆ ಮರಳುವುದು ಕ್ರಮ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಹಾನಿ ಬಹಳ ಹೆಚ್ಚು.

ತಲೆಗೆ ಹೆಡ್‌ಗಾರ್ಡ್ ಇತ್ತಲ್ಲ ಎಂದು ಕೇಳುವವರುಂಟು. ಅದು ಚರ್ಮ ಹರಿಯುವುದನ್ನೂ ಹುಬ್ಬು ಸೀಳುವುದನ್ನೂ ತಡೆಯುತ್ತದೆ. ಒಳಗಿನ ಮಿದುಳು ಅಲುಗುವುದನ್ನು ತಡೆಯಲಾರದು. ಆದುದರಿಂದ ತಲೆನೋವನ್ನು ಬಚ್ಚಿಟ್ಟು ಮರುದಿನವೇ ಗ್ಲೌಸು ತೊಡುವ ಮಗುವನ್ನು ಧೈರ್ಯಶಾಲಿಯೆಂದು ಹೊಗಳುವುದು ತಪ್ಪು. ನೋವನ್ನು ನೋವೆಂದು ಹೇಳುವ ಮಗುವೇ ಈ ಆಟದಲ್ಲಿ ಬಹುಕಾಲ ಉಳಿಯುತ್ತದೆ.

ತಲೆ ನಿರಾಳವಾಗಿದೆ, ಮೈಕೈ ನೋವು ಮಾತ್ರ ಉಳಿದಿದೆ ಎಂದಾದರೆ, ಆಗ ಒಂದು ನೋಟುಪುಸ್ತಕ ತೆರೆಯುವ ಸಮಯ. ಅನುಭವಸ್ಥರು ಕಲಿಯುವವರಿಂದ ಮೂರು ಪ್ರಶ್ನೆಗಳಿಗೆ ಉತ್ತರ ಬರೆಸುತ್ತಾರೆ. ಯಾವ ಹೊಡೆತ ಮತ್ತೆ ಮತ್ತೆ ಬಿತ್ತು? ಅದು ಬೀಳುವ ಮೊದಲಿನ ಕ್ಷಣದಲ್ಲಿ ತಾನೇನು ಮಾಡುತ್ತಿದ್ದೆ? ತನ್ನಿಂದ ಸರಿಯಾಗಿ ನಡೆದ ಒಂದು ಸಂಗತಿ ಯಾವುದು? ಮೂರನೆಯ ಪ್ರಶ್ನೆಯನ್ನು ಬಿಡಬಾರದು. ಎಷ್ಟು ಕೆಟ್ಟ ಸ್ಪಾರಿಂಗಿನಲ್ಲಿಯೂ ಒಂದು ಜ್ಯಾಬ್ ಸರಿಯಾಗಿ ತಗುಲಿರುತ್ತದೆ, ಅಥವಾ ಒಂದು ಹುಕ್ ತಪ್ಪಿಸಿಕೊಂಡಿರುತ್ತದೆ. ಅಲ್ಲಿಂದಲೇ ಮುಂದಿನ ಕಟ್ಟಡ ಏಳಬೇಕು.

ಉತ್ತರಗಳನ್ನು ಬರೆದು ನೋಡಿದರೆ, ಹೊಸಬರ ತಪ್ಪುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಜ್ಯಾಬ್ ಹೊಡೆದ ಕೈ ಬಂದ ದಾರಿಯಲ್ಲಿಯೇ ಕೆನ್ನೆಗೆ ಮರಳದೆ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ತೆರೆದ ಆ ಕೆನ್ನೆಗೆ ಎದುರಾಳಿಯ ಕ್ರಾಸ್ ಬೀಳುತ್ತದೆ. ಇದಕ್ಕೆ ಮದ್ದು ಕನ್ನಡಿಯ ಮುಂದಿನ ಅಭ್ಯಾಸ: ನಿಧಾನವಾಗಿ ಕೈ ಚಾಚಿ, ಬೆರಳಗಂಟು ಪ್ರತಿಸಲವೂ ಕೆನ್ನೆಯ ಮೂಳೆಯನ್ನು ಮುಟ್ಟುವಂತೆ ಮರಳಿಸುವುದು. ಎರಡನೆಯದು, ಗದ್ದ ಮೇಲೆತ್ತುವುದು. ಎಳೆಯರಿಗೆ ಗದ್ದದ ಕೆಳಗೆ ಒಂದು ಚೆಂಡನ್ನು ಇಟ್ಟು, ಅದು ಬೀಳದಂತೆ ಹೆಜ್ಜೆಯಿಡಲು ಹೇಳುವ ಹಳೆಯ ಪದ್ಧತಿಯೊಂದಿದೆ. ಮೂರನೆಯದು, ಹೆದರಿ ನೇರವಾಗಿ ಹಿಂದೆ ಸರಿಯುವುದು. ನೇರವಾಗಿ ಹಿಂದೆ ಹೋದವನನ್ನು ಹಗ್ಗಗಳು ತಡೆಯುತ್ತವೆ, ಎದುರಾಳಿ ಮುಂದೆ ಬರುತ್ತಲೇ ಇರುತ್ತಾನೆ. ಒಂದು ಹೆಜ್ಜೆ ಹಿಂದಿಟ್ಟು ಎರಡನೆಯದನ್ನು ಪಕ್ಕಕ್ಕೆ ಇಡುವುದನ್ನು ಕಲಿತರೆ ಎದುರಾಳಿಯ ಗುದ್ದು ಬರಿಯ ಗಾಳಿಗೆ ಬೀಳುತ್ತದೆ. ಉಸಿರಿನ ವಿಷಯಕ್ಕೆ ಒಂದೇ ನಿಯಮ: ಪ್ರತಿ ಗುದ್ದಿಗೂ ಮೂಗಿನಿಂದ ಚುಟುಕಾಗಿ ಉಸಿರು ಹೊರಹಾಕುವುದು. ರಿಂಗಿನ ಬಳಿ ನಿಂತವರಿಗೆ ಕೇಳಿಸುವ ಆ ಬುಸುಗುಟ್ಟುವ ಸದ್ದು ಕೋಪದ್ದಲ್ಲ, ಲೆಕ್ಕಾಚಾರದ್ದು.

ಇವೆಲ್ಲವನ್ನೂ ಒಟ್ಟಿಗೆ ತಿದ್ದಹೊರಟರೆ ಯಾವುದೂ ತಿದ್ದಿಕೊಳ್ಳುವುದಿಲ್ಲ. ಕಾಪಿ ಬರೆಯುವ ಮಗುವಿಗೆ ಒಂದು ದಿನ ಒಂದಕ್ಷರವನ್ನು ದುಂಡಗೆ ಮಾಡಿಸುವಂತೆ, ಒಂದು ವಾರಕ್ಕೆ ಒಂದು ತಪ್ಪನ್ನು ಹಿಡಿದರೆ ಸಾಕು.

ಮುಂದಿನ ಸ್ಪಾರಿಂಗ್ ಹಿಂದಿನದರಂತೆಯೇ ಇರಬೇಕಾಗಿಲ್ಲ. ಕಲಿಕೆಯ ಸ್ಪಾರಿಂಗಿನಲ್ಲಿ ಮೆಟ್ಟಿಲುಗಳಿವೆ. ಒಬ್ಬನು ಜ್ಯಾಬ್ ಮಾತ್ರ ಹೊಡೆಯುವುದು, ಇನ್ನೊಬ್ಬನು ತಪ್ಪಿಸಿಕೊಳ್ಳುವುದಷ್ಟೇ ಮೊದಲ ಮೆಟ್ಟಿಲು. ಇಬ್ಬರೂ ಜ್ಯಾಬ್ ಹೊಡೆಯುವುದು ಎರಡನೆಯದು. ಮುಖವನ್ನು ಬಿಟ್ಟು ಎದೆ ಹೊಟ್ಟೆಗಳಿಗೆ ಮಾತ್ರ ಹಗುರವಾಗಿ ಗುದ್ದುವುದು ಮತ್ತೊಂದು. ಹೀಗೆ ಏರಿದ ಮೇಲೆ ಎಲ್ಲ ಹೊಡೆತಗಳಿಗೂ ಅವಕಾಶ, ಅದೂ ಮೆಲ್ಲನೆಯ ಕೈಯಿಂದ. ಹೊಡೆಯುವ ಬಲವನ್ನು ಹಿಡಿತದಲ್ಲಿಡುವ ಹೊಣೆ ಹೆಚ್ಚು ಕಲಿತವರದು. ಸ್ಪರ್ಧೆಯಲ್ಲಿ ಹೆಂಗಸರು ತೊಡುವ ಗ್ಲೌಸು ಹತ್ತು ಔನ್ಸಿನದು, ಎಂದರೆ ಸುಮಾರು 284 ಗ್ರಾಂ. ಸ್ಪಾರಿಂಗಿಗೆ ಹೆಚ್ಚಾಗಿ ಬಳಸುವುದು ಹದಿನಾರು ಔನ್ಸಿನ, ಸುಮಾರು 454 ಗ್ರಾಂ ತೂಕದ ದಪ್ಪ ಮೆತ್ತೆಯ ಗ್ಲೌಸು. ಅಭ್ಯಾಸದಲ್ಲಿ ಗೆಲ್ಲುವುದಕ್ಕಿಂತ ಜೋಡಿಯನ್ನು ಕಾಯುವುದು ಮುಖ್ಯ ಎಂಬ ಮಾತು ಆ ಮೆತ್ತೆಯಲ್ಲಿಯೇ ಇದೆ.

ಈ ಅಳತೆಗೋಲು ಹಿಡಿದು ನೋಡಿದರೆ, ಹೊಸದಾಗಿ ಬಂದ ಬಾಲಕಿಗೆ ಮೂಗೊಡೆಯುವಂತೆ ಹೊಡೆಯುವ ಜೋಡಿಯನ್ನು ಒದಗಿಸುವುದು ಅನುಕರಣೆಗೆ ಯೋಗ್ಯವಾದ ಪಾಠಕ್ರಮವಲ್ಲ. ನಿಖತ್ ಅವರ ಹಿರಿಮೆಯಿರುವುದು ಅದರ ಮುಂದಿನ ವರ್ಷಗಳಲ್ಲಿ. 2009ರಲ್ಲಿ ಅವರು ವಿಶಾಖಪಟ್ಟಣದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವನ್ನು ಸೇರಿದರು. 2011ರಲ್ಲಿ ಟರ್ಕಿಯಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಚಿನ್ನ ಗೆದ್ದರು. 2017ರಲ್ಲಿ ಭುಜದ ಕೀಲು ತಪ್ಪಿ ಬಹುಕಾಲ ಸ್ಪರ್ಧೆಗಳಿಂದ ದೂರ ಉಳಿಯಬೇಕಾಯಿತು. 2019ರ ಡಿಸೆಂಬರಿನಲ್ಲಿ, ಒಲಿಂಪಿಕ್ ಅರ್ಹತಾ ಪಂದ್ಯಾವಳಿಯ ಆಯ್ಕೆಗಾಗಿ ದೆಹಲಿಯಲ್ಲಿ ನಡೆದ ಸೆಣಸಾಟದಲ್ಲಿ ಆರು ಬಾರಿಯ ವಿಶ್ವ ಚಾಂಪಿಯನ್ ಮೇರಿ ಕೋಮ್ ಅವರು ನಿಖತ್ ಅವರನ್ನು 9-1ರಿಂದ ಸೋಲಿಸಿದರು. ದೇಶವೇ ನೋಡುತ್ತಿದ್ದ ಸೋಲು ಅದು. ನಿಜಾಮಾಬಾದಿನ ಮೂಗಿನ ರಕ್ತಕ್ಕಿಂತ ಹೆಚ್ಚು ನೋವು ಕೊಟ್ಟಿರಬೇಕು. ಎರಡೂವರೆ ವರ್ಷ ತುಂಬುವುದರೊಳಗೆ, 2022ರ ಮೇ 19ರಂದು, ಅವರು ಥೈಲೆಂಡಿನ ಜಿತ್‌ಪಾಂಗ್ ಜುಟಾಮಸ್ ಅವರನ್ನು 5-0ಯಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಮೇರಿ ಕೋಮ್, ಸರಿತಾ ದೇವಿ, ಜೆನ್ನಿ, ಕೇರಳದ ಕೆ. ಸಿ. ಲೇಖಾ ಅವರ ಅನಂತರ ಈ ಪಟ್ಟ ಪಡೆದ ಐದನೆಯ ಭಾರತೀಯ ಮಹಿಳೆ ಅವರು.

ಕಥೆ ಅಲ್ಲಿಗೇ ಮುಗಿದಿದ್ದರೆ ಸೊಗಸಾಗಿತ್ತು, ಮುಗಿಯಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚೀನಾದ ವೂ ಯೂ ಅವರ ಎದುರು ನಿಖತ್ 0-5ರಿಂದ ಸೋತು, ಪದಕವಿಲ್ಲದೆ ಮರಳಿದರು. ಎರಡು ಬಾರಿ ಲೋಕವನ್ನು ಗೆದ್ದವರಿಗೂ ಪೆಟ್ಟು ತಿಂದ ಮರುದಿನ ಎಂಬುದೊಂದು ಇದ್ದೇ ಇರುತ್ತದೆ. ಸುಧಾರಣೆಯೆಂದರೆ ಇನ್ನು ಮೇಲೆ ಪೆಟ್ಟೇ ಬೀಳದು ಎಂಬ ಭರವಸೆಯಲ್ಲ; ನಿನ್ನೆ ಬಿದ್ದ ಪೆಟ್ಟು ನಾಳೆ ಅದೇ ದಾರಿಯಲ್ಲಿ ಬರದಂತೆ ನೋಡಿಕೊಳ್ಳುವುದು, ಅಷ್ಟೇ.

ಮಗುವನ್ನು ಕಳುಹಿಸುವ ತಂದೆತಾಯಿಗಳು ತರಬೇತಿ ಕೇಂದ್ರದಲ್ಲಿ ಕೆಲವು ಮಾತುಗಳನ್ನು ಸಂಕೋಚವಿಲ್ಲದೆ ಕೇಳಬಹುದು. ಸ್ಪಾರಿಂಗಿಗೆ ಇಳಿಸುವ ಮುನ್ನ ಎಷ್ಟು ತಿಂಗಳ ಅಭ್ಯಾಸ ಮಾಡಿಸುತ್ತಾರೆ? ಜೋಡಿಗಳನ್ನು ತೂಕವನ್ನೂ ಅನುಭವವನ್ನೂ ನೋಡಿ ಹೊಂದಿಸುತ್ತಾರೆಯೇ? ಹಲ್ಲುಗಳನ್ನು ಕಾಯುವ ಮೌತ್‌ಗಾರ್ಡ್ ಇಲ್ಲದ ಮಗುವನ್ನು ಹೊರಗೆ ನಿಲ್ಲಿಸುತ್ತಾರೆಯೇ? ಸ್ಪಾರಿಂಗ್ ನಡೆಯುವಾಗ ತರಬೇತುದಾರರು ರಿಂಗಿನ ಬಳಿಯೇ ಇರುತ್ತಾರೆಯೇ, ನಿಲ್ಲಿಸಬೇಕಾದಾಗ ನಿಲ್ಲಿಸುತ್ತಾರೆಯೇ? ತಲೆಗೆ ಪೆಟ್ಟಾದರೆ ಮನೆಗೆ ತಿಳಿಸುತ್ತಾರೆಯೇ? ಇವುಗಳಿಗೆ ನೇರ ಉತ್ತರ ಕೊಡುವ ಕಡೆಗೆ ಮಗುವನ್ನು ಕಳುಹಿಸಬಹುದು. ಈ ಪ್ರಶ್ನೆಗಳನ್ನು ಕೇಳಿದ್ದಕ್ಕೆ ನಗುವ ಕಡೆಯಿಂದ ಮರಳಿ ಕರೆತರುವುದೇ ಲೇಸು.

ನಿಜಾಮಾಬಾದಿನ ಆ ತಾಯಿ ಅಂದು ಅತ್ತುದರಲ್ಲಿ ತಪ್ಪೇನೂ ಇರಲಿಲ್ಲ. ಮದುವೆಯ ಚಿಂತೆ ಆ ಕಾಲದ್ದು, ಆ ಊರಿನದು. ಮಗುವಿನ ಮುಖದ ಮೇಲಿನ ಗಾಯವನ್ನು ಕಂಡು ಕರುಳು ಹಿಂಡಿದ್ದು ಎಲ್ಲ ಕಾಲದ್ದು. ಮಗಳು ಮತ್ತೆ ರಿಂಗಿಗೆ ಹೋದಳು. ಆ ಮನೆಯ ಬಾಗಿಲು ಆಕೆಗೆ ಅಡ್ಡವಾಗಲಿಲ್ಲ. ಕಣ್ಣೀರನ್ನೂ ಅನುಮತಿಯನ್ನೂ ಒಂದೇ ಮನೆಯಲ್ಲಿ ಇರಿಸಿಕೊಳ್ಳುವುದು ಸುಲಭವಲ್ಲ. ಅಂತಹ ಮನೆಯ ಮಕ್ಕಳಿಗೆ ಪೆಟ್ಟು ತಿಂದ ಮರುದಿನ ಹೇಳಿಕೊಳ್ಳಲು ಒಂದು ಜಾಗವಿರುತ್ತದೆ. ತಲೆ ನೋಯುತ್ತಿದೆ ಎಂದೂ ಹೇಳಬಹುದು, ನಾಳೆ ಮತ್ತೆ ಹೋಗುತ್ತೇನೆ ಎಂದೂ ಹೇಳಬಹುದು.